ಲಾರ್ಚ್ ಬೋನ್ಸಾಯ್: ಪದೇ ಪದೇ ಕೇಳುವ ಪ್ರಶ್ನೆಗಳು

ಲಾರ್ಚ್ ಬೆಳೆಸುವವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಯಾವಾಗ’ ಎಂದೇ ಶುರುವಾಗುತ್ತವೆ. ಕುಂಡ ಯಾವಾಗ ಬದಲಿಸಬೇಕು, ಕೊಂಬೆ ಯಾವಾಗ ಕತ್ತರಿಸಬೇಕು, ಕೊಂಬೆ ಬಾಗಿಸಲು ಸುತ್ತಿದ ತಂತಿ ಯಾವಾಗ ಬಿಚ್ಚಬೇಕು. ಈ ಮರದ ಮಟ್ಟಿಗೆ ಇವಕ್ಕೆಲ್ಲ ಉತ್ತರ ಮೊಗ್ಗಿನಲ್ಲೇ ಸಿಗುತ್ತದೆ. ಹಾಗಾಗಿ ಕೆಳಗೆ ಎಲ್ಲೂ ತಿಂಗಳ ಹೆಸರು ಹೇಳಿಲ್ಲ. ಮರದಲ್ಲಿ ಏನು ಕಂಡಾಗ ಏನು ಮಾಡಬೇಕು ಎಂಬುದನ್ನಷ್ಟೇ ಹೇಳಿದ್ದೇನೆ.

ಲಾರ್ಚ್ ಎಂದರೆ ಪೈನ್ ಜಾತಿಯ ಮರವೇ?

ಕುಟುಂಬ ಒಂದೇ, ಸ್ವಭಾವ ಬೇರೆ. ಪೈನ್, ಸ್ಪ್ರೂಸ್‌ಗಳ ಹಾಗೆ ಇದಕ್ಕೂ ಸೂಜಿಯಂಥ ಎಲೆ, ಮರದ ಮೇಲೆ ಬೀಜ ಹೊರುವ ಕೋನುಗಳು. ಆದರೆ ಪೈನ್ ವರ್ಷವಿಡೀ ಹಸಿರಾಗಿರುತ್ತದೆ, ಲಾರ್ಚ್ ಚಳಿಗಾಲಕ್ಕೆ ಮುನ್ನ ಎಲೆಗಳನ್ನೆಲ್ಲ ಉದುರಿಸಿಬಿಡುತ್ತದೆ. ಸೂಜಿ ಎಲೆಯ ಮರಗಳಲ್ಲಿ ಹೀಗೆ ಪೂರ್ತಿ ಬೋಳಾಗುವವು ಬೆರಳೆಣಿಕೆಯಷ್ಟು ಮಾತ್ರ.

ಬೋನ್ಸಾಯ್ ಮಾಡುವವರಿಗೆ ಇದರಿಂದ ದೊಡ್ಡ ಲಾಭವಿದೆ. ಒಂದೇ ಮರ ವಸಂತದಲ್ಲಿ ಎಳೆ ಹಸಿರು, ಬೇಸಿಗೆಯಲ್ಲಿ ದಟ್ಟ ಹಸಿರು, ಶರತ್ಕಾಲದಲ್ಲಿ ಹೊನ್ನಿನ ಬಣ್ಣ. ಚಳಿಗಾಲದಲ್ಲಂತೂ ಕೊಂಬೆಗಳ ವಿನ್ಯಾಸ ಪೂರ್ತಿ ತೆರೆದು ಕಾಣುತ್ತದೆ. ನನ್ನ ಪ್ರಕಾರ ಲಾರ್ಚ್ ಅತ್ಯಂತ ಚೆಂದ ಕಾಣುವುದು ಈ ಬೋಳು ಹೊತ್ತಿನಲ್ಲೇ. ಮೊಗ್ಗುಗಳ ಸಾಲು, ಒರಟು ತೊಗಟೆ, ಅಲ್ಲೊಂದು ಇಲ್ಲೊಂದು ಪುಟ್ಟ ಕೋನು, ಇವು ಎಲೆ ಇರುವಾಗ ಕಣ್ಣಿಗೆ ಬೀಳುವುದೇ ಇಲ್ಲ.

ಎಲೆ ಹಳದಿಯಾಗಿ ಎಲ್ಲವೂ ಉದುರಿತು. ಮರ ಸತ್ತುಹೋಯಿತೇ?

ಶರತ್ಕಾಲದಲ್ಲಿ ಆಗಿದ್ದರೆ ಗಾಬರಿ ಬೇಡ, ಅದು ಮರದ ಸಹಜ ಕ್ರಮ. ತೆಳು ರೆಂಬೆಯೊಂದರ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರು, ತೇವ ಇದ್ದರೆ ಮರ ನಿದ್ದೆಯಲ್ಲಿದೆ ಅಷ್ಟೆ. ಮೊಗ್ಗುಗಳು ಗಟ್ಟಿಯಾಗಿ, ದುಂಡಗೆ ಇರಬೇಕು. ಒತ್ತಿದರೆ ಪುಡಿಯಾಗುವ ಒಣ ಮೊಗ್ಗು ಸತ್ತ ರೆಂಬೆಯ ಗುರುತು.

ಬೇಸಿಗೆಯ ನಡುವೆ ಸೂಜಿಗಳು ಕಂದಾದರೆ ವಿಷಯ ಬೇರೆ. ಅದನ್ನು ಮುಂದೆ ನೋಡೋಣ.

ಮನೆಯೊಳಗೆ ಕಿಟಕಿ ಪಕ್ಕ ಇಟ್ಟು ಬೆಳೆಸಬಹುದೇ?

ಸಾಧ್ಯವಿಲ್ಲ. ಲಾರ್ಚ್‌ಗೆ ಇಡೀ ದಿನದ ಬಿಸಿಲು, ಗಾಳಿಯಾಟ, ಚಳಿಗಾಲದಲ್ಲಿ ನಿಜವಾದ ಚಳಿ ಬೇಕು. ಬೆಚ್ಚಗಿನ ಕೋಣೆಯಲ್ಲಿ ಅದಕ್ಕೆ ವಿಶ್ರಾಂತಿ ಸಿಗುವುದಿಲ್ಲ. ಒಂದು ವರ್ಷ ಹೇಗೋ ಚಿಗುರೀತು, ಆಮೇಲೆ ಸೊರಗುತ್ತಾ ಹೋಗುತ್ತದೆ. ನೆಂಟರಿಗೆ ತೋರಿಸಲು ಒಂದು ದಿನ ಒಳಗೆ ತಂದಿಟ್ಟರೆ ತೊಂದರೆ ಇಲ್ಲ.

ಚಳಿಗಾಲವೇ ಇಲ್ಲದ ಕಡೆ ಲಾರ್ಚ್ ಬದುಕುತ್ತದೆಯೇ?

ಇಲ್ಲ, ಹೆಚ್ಚು ಕಾಲ ಬದುಕುವುದಿಲ್ಲ. ಇದು ಎಂಥ ನೆಲದ ಮರ ಎಂಬುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಯುರೋಪಿನ ಲಾರ್ಚ್ ಆಲ್ಪ್ಸ್, ಕಾರ್ಪೇಥಿಯನ್ ಪರ್ವತಗಳದು. ಜಪಾನಿನದು ಹೊನ್ಶು ದ್ವೀಪದ ನಡುಭಾಗದ ಬೆಟ್ಟಗಳದು. ರಷ್ಯಾದ ತೈಮಿರ್ ಪರ್ಯಾಯದ್ವೀಪದಲ್ಲಿ, ಉತ್ತರ ಅಕ್ಷಾಂಶ 72 ಡಿಗ್ರಿಗೂ ಮೇಲೆ, ಆರಿ-ಮಾಸ್ ಎಂಬಲ್ಲಿ ಒಂದು ಕಾಡಿದೆ. ಜಗತ್ತಿನ ತೀರಾ ಉತ್ತರದ ಕಾಡು ಎಂದು ಹೆಸರಾದ ಅದರ ಮರಗಳು ಲಾರ್ಚ್. ಹಿಮಾಲಯದಲ್ಲೂ ಒಂದು ಜಾತಿ ಇದೆ: ನೇಪಾಳ, ಸಿಕ್ಕಿಂ, ಭೂತಾನಗಳ ಎತ್ತರದ ಇಳಿಜಾರುಗಳಲ್ಲಿ. ತಿಂಗಳುಗಟ್ಟಲೆ ಚಳಿ ಉಂಡು ಬೆಳೆದ ಈ ಮರಗಳ ಮೊಗ್ಗು ಸರಿಯಾಗಿ ಒಡೆಯಬೇಕಾದರೆ ಆ ಚಳಿಯೇ ಬೇಕು.

ಫ್ರಿಜ್‌ನಲ್ಲಿ ಇಟ್ಟರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಅಂಥ ಸರ್ಕಸ್ ಮಾಡಿ ಮರವನ್ನು ಹಿಂಸಿಸುವುದರ ಬದಲು, ನಿಮ್ಮ ಹವೆಗೆ ಒಗ್ಗುವ ಅದರ ಹೋಲಿಕೆಯ ಮರವನ್ನು ಆರಿಸಿಕೊಳ್ಳಿ. ಬಾಲ್ಡ್ ಸೈಪ್ರೆಸ್ ಕೂಡ ಎಲೆ ಉದುರಿಸುವ ಸೂಚಿಪರ್ಣಿ ಮರವೇ. ಅಮೆರಿಕದ ಆಗ್ನೇಯ ಭಾಗದ ಜೌಗು ನೆಲದ್ದಾದ್ದರಿಂದ ಸೆಕೆಯನ್ನು ಚೆನ್ನಾಗಿ ತಡೆಯುತ್ತದೆ, ನೀರು ಎಷ್ಟಿದ್ದರೂ ಬೇಡ ಎನ್ನುವುದಿಲ್ಲ. ಡಾನ್ ರೆಡ್‌ವುಡ್ ಇನ್ನೊಂದು. ಇದನ್ನು 1941ರಲ್ಲಿ ಮೊದಲು ವಿವರಿಸಿದ್ದು ಪಳೆಯುಳಿಕೆಗಳಿಂದ. ಜೀವಂತ ಮರಗಳು ಚೀನಾದಲ್ಲಿ ಸಿಕ್ಕಿ ಗುರುತಾದದ್ದು ಆಮೇಲೆ. ಇದು ಬಾಲ್ಡ್ ಸೈಪ್ರೆಸ್‌ನಷ್ಟು ಸೆಕೆ ತಡೆಯದಿದ್ದರೂ ಲಾರ್ಚ್‌ಗಿಂತ ಹೊಂದಿಕೊಳ್ಳುವ ಗುಣದ್ದು. ಕೆಳಗೆ ಕತ್ತರಿ, ತಂತಿಗಳ ಬಗ್ಗೆ ಹೇಳಿರುವುದರಲ್ಲಿ ಎಷ್ಟೋ ಸಂಗತಿ ಇವಕ್ಕೂ ಹೊಂದುತ್ತದೆ.

ಯಾವ ಲಾರ್ಚ್ ಜಾತಿ ಆರಿಸಲಿ?

ಬೋನ್ಸಾಯ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವವು ಮೂರು: ಯುರೋಪಿನ ಲಾರ್ಚ್, ಜಪಾನಿನ ಲಾರ್ಚ್, ಉತ್ತರ ಅಮೆರಿಕದ ಟ್ಯಾಮರಾಕ್. ಎಳೆಯ ರೆಂಬೆಯ ಬಣ್ಣ ನೋಡಿ ಮೊದಲ ಎರಡನ್ನು ಗುರುತಿಸಬಹುದು. ಯುರೋಪಿನದು ಹುಲ್ಲು ಹಳದಿ, ಜಪಾನಿನದು ಕೆಂಪು ಮಿಶ್ರಿತ ಕಂದು. ಟ್ಯಾಮರಾಕ್‌ನ ಕೋನುಗಳು ಬಹಳ ಚಿಕ್ಕವು, ಹಾಗಾಗಿ ಸಣ್ಣ ಮರದಲ್ಲೂ ಅಳತೆ ಮೀರಿ ಕಾಣುವುದಿಲ್ಲ. ಜೌಗಿನಲ್ಲೂ ಬೆಳೆಯುವ ಮರ ಅದು. ಯುರೋಪಿನದು ಮತ್ತು ಜಪಾನಿನದು ಬೆರೆತು ಹುಟ್ಟಿದ ಡನ್‌ಕೆಲ್ಡ್ ಲಾರ್ಚ್ ಚುರುಕಾಗಿ ಬೆಳೆಯುತ್ತದೆ, ಬುಡ ಬೇಗ ದಪ್ಪವಾಗಲಿ ಎನ್ನುವವರಿಗೆ ಒಳ್ಳೆಯದು.

ಆದರೂ ಜಾತಿಗಿಂತ ಬುಡ ಮುಖ್ಯ. ಬೇರು ಸುತ್ತಲೂ ಹರಡಿ, ಕಾಂಡ ಕೆಳಗೆ ದಪ್ಪವಾಗಿ ಮೇಲಕ್ಕೆ ಸಣ್ಣಗಾಗುತ್ತಾ ಹೋಗಿರುವ ಗಿಡ ಸಿಕ್ಕರೆ ಅದು ಯಾವ ಜಾತಿಯದಾದರೂ ತೆಗೆದುಕೊಳ್ಳಿ.

ಬೀಜದಿಂದ ಶುರು ಮಾಡಲೇ, ಗಿಡ ಕೊಳ್ಳಲೇ?

ಕೈಗೆ ಬೇಗ ಕೆಲಸ ಸಿಗಬೇಕಾದರೆ ಗಿಡ ಕೊಳ್ಳಿ. ತಂಪು ನಾಡುಗಳ ಅರಣ್ಯ ನರ್ಸರಿಗಳು ಎರಡು ಮೂರು ವರ್ಷದ ಲಾರ್ಚ್ ಸಸಿಗಳನ್ನು ಬೇರು ಬಿಡಿಸಿ ಕಟ್ಟುಕಟ್ಟಾಗಿ ಮಾರುತ್ತವೆ. ಗುಂಪು ನೆಡುವಿಕೆಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಬೀಜವಾದರೆ ಮೂರರಿಂದ ಆರು ವಾರ ಒದ್ದೆ ಮರಳಿನಲ್ಲಿ ಬೆರೆಸಿ, ಫ್ರಿಜ್‌ನ ತಂಪಿನಲ್ಲಿ ಇಟ್ಟು ಬಿತ್ತಬೇಕು. ಲಾರ್ಚ್ ಬೀಜಗಳಲ್ಲಿ ಜೊಳ್ಳು ಬಹಳ, ಧಾರಾಳವಾಗಿ ಬಿತ್ತಿ. ಕಡ್ಡಿ ನೆಟ್ಟು ಬೇರು ಬರಿಸುವುದು ಕಷ್ಟ. ಗೂಟಿ ಕಟ್ಟಿದರೆ ಬೇರು ಬರುವುದುಂಟು, ಆದರೆ ನಿಧಾನ. ಒಂದು ಬೆಳೆಗಾಲ ಸಾಲದೆ ಹೋಗಬಹುದು.

ಬೆಟ್ಟದಿಂದ ಕಿತ್ತು ತಂದ ಹಳೆಯ ಮರಗಳ ಸೊಗಸೇ ಬೇರೆ. ಹಿಮದ ಭಾರಕ್ಕೆ ಬಾಗಿ, ಗಾಳಿಗೆ ತಿರುಚಿ, ಗಿಡ್ಡಗೆ ಉಳಿದವು ಅವು. ಜಾಗದ ಒಡೆಯರ ಅಥವಾ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮಾತ್ರ ಒಂದನ್ನೂ ಮುಟ್ಟಬೇಡಿ. ಬೇರೆ ದೇಶದಿಂದ ತರಿಸುವ ಯೋಚನೆ ಇದ್ದರೆ ಸಸ್ಯ ಆಮದಿನ ನಿಯಮಗಳನ್ನು ಮೊದಲು ವಿಚಾರಿಸಿ. ಸೂಚಿಪರ್ಣಿ ಮರಗಳ ವಿಷಯದಲ್ಲಿ ಹಲವು ದೇಶಗಳು ಬಹಳ ಕಟ್ಟುನಿಟ್ಟು.

ನೀರು ಎಷ್ಟು ಹಾಕಬೇಕು?

ಲಾರ್ಚ್ ನೀರು ಕುಡಿಯುವ ಮರ. ಎಲೆ ತುಂಬಿರುವ ಕಾಲದಲ್ಲಿ ಮಣ್ಣು ಒಂದು ಸಲವೂ ಪೂರ್ತಿ ಒಣಗಬಾರದು. ಬಿರುಬಿಸಿಲಿನಲ್ಲಿ ದಿನಕ್ಕೆ ಎರಡು ಸಲ ಬೇಕಾಗುತ್ತದೆ, ಕುಂಡ ತೀರಾ ಚಪ್ಪಟೆಯಾಗಿದ್ದರೆ ಮೂರು ಸಲವೂ. ಹಾಕುವಾಗ ಕೆಳಗಿನ ತೂತುಗಳಿಂದ ಹರಿದುಹೋಗುವಷ್ಟು ಹಾಕಿ. ಮೇಲ್ಮೈ ಒದ್ದೆಯಾಗಿ ಒಳಗಿನ ಬೇರಿನ ಮುದ್ದೆ ಒಣಗಿಯೇ ಉಳಿಯುವುದು ಹಳೆಯ ಮರಗಳಲ್ಲಿ ಸಾಮಾನ್ಯ ತೊಂದರೆ.

ಎಲೆ ಉದುರಿದ ಮೇಲೆ ನೀರಿನ ಅಗತ್ಯ ಬಹಳ ಇಳಿಯುತ್ತದೆ, ಹಾಗೆಂದು ಮರೆತುಬಿಡುವಂತಿಲ್ಲ. ಬೋಳು ಮರಕ್ಕೂ ಬೇರು ತೇವವಾಗಿರಬೇಕು. ನೀರು ನಿಂತು ಕೊಳೆಯುವಂತೆಯೂ ಆಗಬಾರದು.

ಕುಂಡ ಬದಲಿಸುವುದು ಯಾವಾಗ, ಹೇಗೆ?

ಚಳಿ ಇಳಿಯುತ್ತಿದ್ದಂತೆ ಮೊಗ್ಗುಗಳು ಊದಿಕೊಳ್ಳತೊಡಗುತ್ತವೆ. ಆಮೇಲೆ ಒಂದು ಬೆಳಿಗ್ಗೆ ಮೊಗ್ಗಿನ ತುದಿಯಲ್ಲಿ ಹಸಿರು ಚುಕ್ಕೆ ಇಣುಕುತ್ತದೆ. ಅದೇ ಸಮಯ. ಬೇರು ಎಚ್ಚೆತ್ತಿರುತ್ತದೆ, ಎಲೆ ಇನ್ನೂ ಬಿಚ್ಚಿಕೊಂಡಿರುವುದಿಲ್ಲ. ಕತ್ತರಿಸಿದ ಬೇರು ಎಲೆಗಳಿಗೆ ನೀರು ಪೂರೈಸಬೇಕಾದ ಒತ್ತಡ ಆಗ ಇರುವುದಿಲ್ಲ. ಸೂಜಿಗಳು ಕುಂಚದ ಹಾಗೆ ಬಿಚ್ಚಿಕೊಂಡ ಮೇಲೆ ಬೇರಿಗೆ ಕೈ ಹಾಕಿದರೆ ಮರ ಬಳಲುತ್ತದೆ. ಈ ಅವಕಾಶ ಕೆಲವೇ ದಿನಗಳದು, ಬಿಸಿಲು ಜೋರಾದ ವರ್ಷ ಇನ್ನೂ ಕಡಿಮೆ. ಕುಂಡ, ಮಣ್ಣು, ತಂತಿ ಎಲ್ಲವನ್ನೂ ಮುಂಚೆಯೇ ಸಿದ್ಧ ಮಾಡಿಟ್ಟುಕೊಳ್ಳಿ.

ಎಳೆಯ ಮರಕ್ಕೆ ಎರಡು ಮೂರು ವರ್ಷಕ್ಕೊಮ್ಮೆ, ರೂಪುಗೊಂಡ ಹಳೆಯ ಮರಕ್ಕೆ ಮೂರರಿಂದ ಐದು ವರ್ಷಕ್ಕೊಮ್ಮೆ ಸಾಕು. ಹಾಕಿದ ನೀರು ಬೇಗ ಇಂಗದೆ ಮೇಲೇ ನಿಂತರೆ, ಬೇರು ಕುಂಡ ತುಂಬಿ ಮರವನ್ನೇ ಮೇಲೆತ್ತುತ್ತಿದ್ದರೆ, ಹೊತ್ತು ಬಂದಿದೆ ಎಂದರ್ಥ.

ಮರವನ್ನು ಹೊರತೆಗೆದು ಅಂಚಿನಿಂದ ಒಳಕ್ಕೆ ಬೇರುಗಳನ್ನು ಕಡ್ಡಿಯಿಂದ ಬಿಡಿಸುತ್ತಾ ಬನ್ನಿ. ಆರೋಗ್ಯವಂತ ಮರದಲ್ಲಿ ಬೇರಿನ ಮೂರರಲ್ಲೊಂದು ಭಾಗದವರೆಗೆ ತೆಗೆಯಬಹುದು. ಕೆಳಮುಖವಾಗಿ ಇಳಿದ ದಪ್ಪ ಬೇರುಗಳನ್ನು ಮೊಟಕು ಮಾಡಿ, ಪಕ್ಕಕ್ಕೆ ಹರಡಿದ ನಾರುಬೇರುಗಳನ್ನು ಉಳಿಸಿ. ಮಣ್ಣಿನಲ್ಲಿ ಬಿಳಿ ಬೂಷ್ಟಿನಂಥ ಎಳೆಗಳು ಕಂಡರೆ ತೊಳೆದುಬಿಡಬೇಡಿ! ಅವು ಬೇರಿನ ಜೊತೆ ಕೂಡಿ ಬಾಳುವ ಶಿಲೀಂಧ್ರಗಳು, ಮರಕ್ಕೆ ನೀರು ಮತ್ತು ಪೋಷಕಾಂಶ ತಂದುಕೊಟ್ಟು ಬದಲಿಗೆ ಸಕ್ಕರೆ ಪಡೆಯುತ್ತವೆ. ಕಾಡಿನಲ್ಲಿ ಲಾರ್ಚ್ ಬುಡದಲ್ಲೇ ಹುಟ್ಟುವ ಹಳದಿ ಅಣಬೆಯೊಂದಿದೆ, ಅದೂ ಇಂಥದೇ ನಂಟಿನದು. ಹಳೆಯ ಮಣ್ಣಿನ ಒಂದು ಪಾಲನ್ನು ಬುಡದ ಸುತ್ತ ಹಾಗೇ ಬಿಟ್ಟರೆ ಈ ನಂಟು ಹರಿಯುವುದಿಲ್ಲ.

ಹೊಸ ಕುಂಡಕ್ಕೆ ಮರವನ್ನು ತಂತಿಯಿಂದ ಬಿಗಿಯಾಗಿ ಕಟ್ಟಿ. ಗಾಳಿಗೆ ಅಲುಗಿದರೆ ಹೊಸ ಬೇರಿನ ತುದಿಗಳು ಮುರಿಯುತ್ತವೆ. ಮುಂದಿನ ಕೆಲವು ವಾರ ಹಿಮ ಬೀಳದ, ಗಾಳಿ ಬಡಿಯದ ಜಾಗದಲ್ಲಿರಲಿ.

ಮಣ್ಣು ಯಾವುದು?

ನೀರು ಹಿಡಿದಿಡಬೇಕು, ಹೆಚ್ಚಾದದ್ದು ಸರಾಗ ಹರಿದುಹೋಗಬೇಕು. ಅಕಡಾಮಾ ಎಂಬ ಜಪಾನಿನ ಹರಳು ಜೇಡಿಮಣ್ಣು, ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು, ಲಾವಾ ಕಲ್ಲು ಬೆರೆಸಿದ ಮಿಶ್ರಣ ಹೆಚ್ಚು ಬಳಕೆಯದು. ಅಕಡಾಮಾ ಸಿಗದಿದ್ದರೆ ಪ್ಯೂಮಿಸ್ ಜೊತೆ ಜರಡಿ ಹಿಡಿದ ಪೈನ್ ತೊಗಟೆ ಸೇರಿಸಬಹುದು. ಕಣಗಳು 2ರಿಂದ 6 ಮಿಲಿಮೀಟರ್ ಇರಲಿ, ದೂಳನ್ನು ಜರಡಿಯಲ್ಲಿ ತೆಗೆದುಬಿಡಿ. ತೋಟದ ಜಿಗುಟು ಮಣ್ಣು ಬೇಡ.

ಗೊಬ್ಬರ?

ಎಳೆಯ, ಇನ್ನೂ ಬೆಳೆಯಬೇಕಾದ ಮರಕ್ಕೆ ವಸಂತದಿಂದಲೇ ಧಾರಾಳವಾಗಿ ಕೊಡಿ. ರೂಪ ಪಡೆದ ಮರಕ್ಕೆ ಮೊದಲ ಸೂಜಿಗಳು ಬಲಿಯುವವರೆಗೆ ತಡೆಯಿರಿ, ಇಲ್ಲದಿದ್ದರೆ ಗಣ್ಣಿನ ನಡುವಿನ ಅಂತರ ಉದ್ದವಾಗಿ, ಸೂಜಿಗಳೂ ಉದ್ದವಾಗಿ ಅಂದ ಕೆಡುತ್ತದೆ. ಬೇಸಿಗೆಯ ಕೊನೆಯಿಂದ ಎಲೆ ಬಣ್ಣ ತಿರುಗುವವರೆಗೆ ಕೊಟ್ಟ ಗೊಬ್ಬರ ಬೇರು, ಮೊಗ್ಗುಗಳಲ್ಲಿ ಕೂಡಿಟ್ಟ ಶಕ್ತಿಯಾಗುತ್ತದೆ. ಆ ಹೊತ್ತಿಗೆ ಸಾರಜನಕ ಕಡಿಮೆ ಇರುವುದು ಮೇಲು. ನಿಧಾನವಾಗಿ ಕರಗುವ ಸಾವಯವ ಗೊಬ್ಬರದ ಉಂಡೆಗಳು ಚೆನ್ನ. ಈಗಷ್ಟೇ ಬೇರು ಕತ್ತರಿಸಿದ ಮರಕ್ಕೆ ಒಂದು ತಿಂಗಳಾದರೂ ಏನೂ ಹಾಕಬೇಡಿ.

ಚಿಗುರು ಚಿವುಟಬೇಕೋ, ಉದ್ದ ಬಿಟ್ಟು ಕತ್ತರಿಸಬೇಕೋ?

ಲಾರ್ಚ್ ಬೋನ್ಸಾಯ್‌ನ ತಿರುಳೇ ಇಲ್ಲಿದೆ. ಉತ್ತರ ತಿಳಿಯಬೇಕಾದರೆ ಮೊದಲು ಈ ಮರದ ಎರಡು ಬಗೆಯ ಚಿಗುರುಗಳನ್ನು ಕಣ್ಣಾರೆ ಗುರುತಿಸಿಕೊಳ್ಳಬೇಕು. ಒಂದು, ಉದ್ದಕ್ಕೆ ಓಡುವ ಚಿಗುರು; ಇದರ ಮೇಲೆ ಸೂಜಿಗಳು ಒಂಟೊಂಟಿಯಾಗಿ ಸುರುಳಿ ಸುತ್ತಿಕೊಂಡು ಹೋಗುತ್ತವೆ. ಇನ್ನೊಂದು, ಗಂಟಿನ ಹಾಗಿರುವ ಗಿಡ್ಡ ಚಿಗುರು. ಇದರ ತುದಿಯಲ್ಲಿ 20ರಿಂದ 40 ಸೂಜಿಗಳು ಒಂದೇ ಗೊಂಚಲಾಗಿ ಅರಳುತ್ತವೆ. ಗಿಡ್ಡ ಚಿಗುರು ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುತ್ತದೆ, ಎಷ್ಟೋ ವರ್ಷ ಹಾಗೇ ಉಳಿಯುತ್ತದೆ. ಆದರೆ ಅದರ ಮುಂದಿನ ಭಾಗವನ್ನು ಕತ್ತರಿಸಿದರೆ ಅದೇ ಗಂಟು ಉದ್ದನೆಯ ಚಿಗುರಾಗಿ ಓಡಬಲ್ಲದು. ಕೊಂಬೆ ಕವಲೊಡೆಸುವ ವಿದ್ಯೆ ಪೂರ್ತಿ ಈ ಒಂದು ಗುಣದ ಮೇಲೆ ನಿಂತಿದೆ.

ಮರ ಇನ್ನೂ ಬೆಳೆಯಬೇಕಿದ್ದರೆ ಚಿವುಟಲೇಬೇಡಿ. ಚಿಗುರು ಓಡಲಿ. ಬೇಸಿಗೆ ನಡುವಿಗೆ ಸೂಜಿಗಳ ಕಂಕುಳಲ್ಲಿ ಮುಂದಿನ ವರ್ಷದ ಪುಟ್ಟ ಮೊಗ್ಗುಗಳು ಕಾಣತೊಡಗುತ್ತವೆ. ಆಗ ಎರಡು ಮೂರು ಮೊಗ್ಗು ಉಳಿಸಿ, ಕೊನೆಯ ಮೊಗ್ಗಿಗಿಂತ ತುಸು ಮುಂದೆ ಕತ್ತರಿಸಿ. ಯಾವ ಮೊಗ್ಗನ್ನು ಕೊನೆಯದಾಗಿ ಉಳಿಸುತ್ತೀರೋ ಅದರ ದಿಕ್ಕಿಗೇ ಕೊಂಬೆ ಸಾಗುತ್ತದೆ. ಪಕ್ಕಕ್ಕೆ ಮುಖ ಮಾಡಿದ ಮೊಗ್ಗು ಒಳ್ಳೆಯದು. ನೆಟ್ಟಗೆ ಮೇಲಕ್ಕೆ ನಿಂತದ್ದು, ಕೊಂಬೆಯ ಅಡಿಯಲ್ಲಿ ನೇತಾಡುವುದು ಬೇಡ.

ರೂಪುಗೊಂಡ ಮರದಲ್ಲಿ ಗೊಂಚಲಿನ ನಡುವಿಂದ ಚಿಗುರು ಉದ್ದವಾಗಲು ಹೊರಟು, ಇನ್ನೂ ಮೆತ್ತಗಿರುವಾಗಲೇ ಬೆರಳ ತುದಿಯಲ್ಲಿ ಹಿಡಿದು ಎಳೆದರೆ ಸಾಕು, ಬಂದುಬಿಡುತ್ತದೆ. ಕತ್ತರಿಯಿಂದ ಕತ್ತರಿಸಿದರೆ ಸೂಜಿಗಳೂ ಕತ್ತರಿಸಿಹೋಗಿ ತುದಿ ಕಂದಾಗುತ್ತದೆ. ಎಲ್ಲ ಚಿಗುರೂ ಒಂದೇ ದಿನ ಹೊರಡುವುದಿಲ್ಲವಾದ್ದರಿಂದ ಕೆಲವು ವಾರ ಮತ್ತೆ ಮತ್ತೆ ನೋಡುತ್ತಿರಬೇಕು.

ಇನ್ನೊಂದು ಮಾತು. ಲಾರ್ಚ್‌ಗೆ ನೆರಳು ಎಂದರೆ ಆಗದು. ತುದಿಯ ಕೊಂಬೆಗಳು ದಟ್ಟವಾದರೆ ಕೆಳಗಿನವು, ಒಳಗಿನವು ಬೆಳಕಿಲ್ಲದೆ ಸತ್ತುಹೋಗುತ್ತವೆ. ನೆತ್ತಿಯನ್ನು ಸದಾ ಬಿಗಿಯಾಗಿ ಕತ್ತರಿಸಿ, ಕೆಳಗಿನ ಕೊಂಬೆಗಳಿಗೆ ಸ್ವಲ್ಪ ಹೆಚ್ಚು ಓಡಲು ಬಿಡಿ. ಬೆಳಕು ಒಳಗೆ ಬಿದ್ದರೆ ಹಳೆಯ ತೊಗಟೆಯಿಂದಲೂ ಹೊಸ ಮೊಗ್ಗು ಒಡೆಯುತ್ತದೆ. ಹಳೆಯ ತೊಗಟೆಯಿಂದ ಹೀಗೆ ಸುಲಭವಾಗಿ ಚಿಗುರದ ಪೈನ್ ಬೆಳೆಸಿದವರಿಗೆ ಇದು ದೊಡ್ಡ ಸಂತೋಷ.

ದಪ್ಪ ಕೊಂಬೆ ತೆಗೆಯುವುದಾದರೆ ಮರ ಬೋಳಾಗಿರುವಾಗ, ಚಳಿಗಾಲದ ಕೊನೆಗೆ, ಮೊಗ್ಗು ಊದುವ ಮುನ್ನ ತೆಗೆಯಿರಿ.

ತಂತಿ ಸುತ್ತುವುದು ಯಾವಾಗ? ಎಷ್ಟು ದಿನ ಬಿಡಬೇಕು?

ಎಲೆ ಉದುರಿದ ಮೇಲೆ, ಕೊಂಬೆಗಳೆಲ್ಲ ಸ್ಪಷ್ಟವಾಗಿ ಕಾಣುವಾಗ. ಹೆಪ್ಪುಗಟ್ಟುವ ಚಳಿಯ ದಿನ ಬೇಡ, ರೆಂಬೆಗಳು ಆಗ ಬೇಗ ಮುರಿಯುತ್ತವೆ. ಗಿಡ್ಡ ಚಿಗುರಿನ ಗಂಟುಗಳು ತಂತಿ ತಾಗಿದರೆ ಪಟ್ಟನೆ ಉದುರುತ್ತವೆ, ಆದ್ದರಿಂದ ಅವುಗಳ ನಡುವೆ ಜಾಗ ನೋಡಿಕೊಂಡು ತಂತಿ ಸಾಗಿಸಬೇಕು. ಅವಸರದ ಕೆಲಸವಲ್ಲ ಇದು.

ಬಿಚ್ಚುವ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ವಸಂತದ ನಂತರ ಲಾರ್ಚ್ ಕೊಂಬೆ ಬಹಳ ಬೇಗ ಊದುತ್ತದೆ, ತಂತಿ ತೊಗಟೆಯೊಳಗೆ ಇಳಿದರೆ ಆ ಸುರುಳಿ ಗುರುತು ವರ್ಷಗಟ್ಟಲೆ ಹೋಗುವುದಿಲ್ಲ. ಸೂಜಿ ಬಿಚ್ಚಿದ ಮೇಲೆ ವಾರಕ್ಕೊಮ್ಮೆ ನೋಡಿ. ಕೊಂಬೆ ಇನ್ನೂ ನಿಲ್ಲದಿದ್ದರೆ ತಂತಿ ತುಂಡರಿಸಿ ತೆಗೆದು ಮತ್ತೆ ಸುತ್ತುವುದೇ ಸರಿ.

ಯಾವ ಆಕಾರ ಹೊಂದುತ್ತದೆ?

ನೆಟ್ಟಗೆ ಎದ್ದು ನಿಂತ ಒಂಟಿ ಮರ ಲಾರ್ಚ್‌ಗೆ ಸಹಜ. ಹಿಮ ಬೀಳುವ ಬೆಟ್ಟಗಳಲ್ಲಿ ಹಳೆಯ ಲಾರ್ಚ್‌ನ ಕೊಂಬೆ ಕಾಂಡದಿಂದ ಕೆಳಕ್ಕೆ ಇಳಿದು, ತುದಿಯಲ್ಲಿ ಮತ್ತೆ ಮೇಲಕ್ಕೆ ತಿರುಗುತ್ತದೆ. ತಂತಿಯಿಂದ ಅದೇ ರೇಖೆ ತಂದರೆ ಎಳೆಯ ಮರಕ್ಕೂ ವಯಸ್ಸು ಬರುತ್ತದೆ. ಸಿಡಿಲು, ಗಾಳಿ ತಿಂದ ಮರದಂತೆ ಒಣ ಕೊರಡನ್ನು ಉಳಿಸುವುದೂ ಒಪ್ಪುತ್ತದೆ. ಲಾರ್ಚ್‌ನ ಕೊರಡಿಗೆ ಜೂನಿಪರ್ ಮರದ ಕೊರಡಿನಷ್ಟು ಬಾಳಿಕೆ ಇಲ್ಲ, ಸುಣ್ಣ-ಗಂಧಕದ ದ್ರಾವಣ ಬಳಿದು ಕಾಪಾಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಲಾರ್ಚ್ ಕಾಡು. ಒಂದೇ ಚಪ್ಪಟೆ ತಟ್ಟೆಯಲ್ಲೋ ಕಲ್ಲಿನ ಹಲಗೆಯ ಮೇಲೋ ಐದು, ಏಳು, ಒಂಬತ್ತು ಸಸಿಗಳು. ದಪ್ಪ, ಎತ್ತರ ಒಂದೇ ಸಮ ಇರಬಾರದು. ಎಲ್ಲಕ್ಕಿಂತ ದಪ್ಪನೆಯದನ್ನು ನಡುವಿನಿಂದ ಸ್ವಲ್ಪ ಸರಿಸಿ ಮುಂದಕ್ಕೆ ನೆಟ್ಟು, ತೆಳುವಾದವನ್ನು ಅಂಚಿಗೂ ಹಿಂದಕ್ಕೂ ಇಡಿ. ಎದುರಿನಿಂದ ನೋಡಿದಾಗ ಒಂದರ ಹಿಂದೆ ಒಂದು ಮರೆಯಾಗಬಾರದು, ಮೂರು ಒಂದೇ ಗೆರೆಯಲ್ಲಿ ಬರಬಾರದು. ಗುಂಪಿನ ಒಳಕ್ಕೆ ಮುಖ ಮಾಡಿದ ಕೊಂಬೆಗಳನ್ನು ಸಂಕೋಚವಿಲ್ಲದೆ ತೆಗೆಯಿರಿ. ಒಂಟಿಯಾಗಿ ಬೆಳೆಸಿದರೆ ಏನೂ ಅನಿಸದ ಸಾಧಾರಣ ಸಸಿ ಗುಂಪಿನಲ್ಲಿ ಕಳೆಗಟ್ಟುತ್ತದೆ.

ಕೋನುಗಳನ್ನು ಬಿಡಬೇಕೇ, ಕೀಳಬೇಕೇ?

ಕೆಲವನ್ನು ಬಿಡಿ. ಒಣಗಿದ ಮೇಲೂ ವರ್ಷಗಳ ಕಾಲ ಕೊಂಬೆಗೆ ಅಂಟಿಕೊಂಡಿರುತ್ತವೆ, ಅಂದವಾಗಿಯೂ ಕಾಣುತ್ತವೆ. ಒಂದೇ ರೆಂಬೆಯಲ್ಲಿ ಸಾಲುಸಾಲಾಗಿ ಬಂದರೆ ಮಾತ್ರ ಆ ರೆಂಬೆ ಸೊರಗುತ್ತದೆ, ಹೆಚ್ಚಿನದನ್ನು ಕತ್ತರಿಸಿ ತೆಗೆಯಿರಿ.

ಬೇಸಿಗೆಯಲ್ಲಿ ಸೂಜಿಗಳು ಕಂದಾಗುತ್ತಿವೆ. ಏನು ಕಾರಣ?

ಮೊದಲು ಬೇರನ್ನು ಅನುಮಾನಿಸಿ. ಕುಂಡದ ಗೋಡೆ ಮುಟ್ಟಿ ನೋಡಿ, ಕೈಗೆ ಬಿಸಿ ತಾಗಿದರೆ ಒಳಗೆ ಬೇರು ಬೇಯುತ್ತಿದೆ. ಕಾಂಡ, ಕೊಂಬೆಗೆ ಬಿಸಿಲು ಇರಲಿ, ಕುಂಡಕ್ಕೆ ನೆರಳು ಮಾಡಿ. ಉಷ್ಣಾಂಶ 30 ಡಿಗ್ರಿ ದಾಟುವ ದಿನಗಳಲ್ಲಿ ಮಧ್ಯಾಹ್ನದ ನಂತರ ಇಡೀ ಮರಕ್ಕೇ ತೆಳು ನೆರಳು ಒಳ್ಳೆಯದು. ಒಂದು ಸಲ ಪೂರ್ತಿ ಒಣಗಿದರೂ ಸೂಜಿಗಳ ತುದಿ ಕಂದಾಗುತ್ತದೆ. ಅಂಥ ಮರ ಆ ವರ್ಷ ಮತ್ತೆ ಚಿಗುರಬಹುದು, ಆದರೆ ಕತ್ತರಿ, ತಂತಿ ಎಲ್ಲ ಮುಂದಿನ ವರ್ಷಕ್ಕೆ ಮುಂದೂಡಿ.

ಸೂಜಿಗಳ ಮೇಲೆ ಬಿಳಿ ಹತ್ತಿಯ ಚೂರುಗಳಂತೆ ಕಂಡು, ಸೂಜಿಗಳು ಮಡಚಿಕೊಂಡಿದ್ದರೆ ಅದು ಅಡೆಲ್ಜಿಡ್ ಎಂಬ, ಗಿಡಹೇನಿನ ಬಳಗದ ಕೀಟ. ನೀರಿನ ರಭಸಕ್ಕೆ ತೊಳೆದು, ಚಳಿಗಾಲದ ಕೊನೆಗೆ ಮೊಗ್ಗು ಒಡೆಯುವ ಮುನ್ನ ತೋಟಗಾರಿಕೆ ಎಣ್ಣೆ ಸಿಂಪಡಿಸಿ. ಸೂಜಿಯ ಅರ್ಧ ಭಾಗ ಟೊಳ್ಳಾಗಿ, ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದರೆ ಒಂದು ಬಗೆಯ ಪುಟ್ಟ ಪತಂಗದ ಹುಳು ಒಳಗಿನದನ್ನು ತಿಂದಿದೆ. ಕೊಂಬೆಯ ಮೇಲೆ ಅದರ ಕಂದು ಕೊಳವೆ ಗೂಡುಗಳನ್ನು ಹುಡುಕಿ ಕೈಯಲ್ಲೇ ತೆಗೆಯಿರಿ. ಕಾಂಡದ ಮೇಲೆ ಕುಳಿಬಿದ್ದು ಅಂಟು ಸೋರುವ ಹುಣ್ಣು ಕಂಡರೆ ಆ ಭಾಗವನ್ನು ಆರೋಗ್ಯವಂತ ಮರದವರೆಗೆ ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ.

ಫೈಟಾಫ್ತೊರಾ ರಮೋರಮ್ ಎಂಬ ರೋಗಾಣುವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2009ರಲ್ಲಿ ಇಂಗ್ಲೆಂಡಿನ ನೈಋತ್ಯ ಭಾಗದ ಜಪಾನಿ ಲಾರ್ಚ್ ತೋಪುಗಳಲ್ಲಿ ಕಾಣಿಸಿಕೊಂಡು, ಹರಡದಂತೆ ತಡೆಯಲು ಬ್ರಿಟನ್ನಿನಲ್ಲಿ ಅಪಾರ ಪ್ರಮಾಣದಲ್ಲಿ ಮರ ಕಡಿಯಬೇಕಾಯಿತು. ಅಂಥ ಪ್ರದೇಶಗಳಲ್ಲಿ ಕಾಡಿನ ಗಿಡವನ್ನಾಗಲೀ ಮಣ್ಣನ್ನಾಗಲೀ ಮನೆಗೆ ತರಬೇಡಿ. ರೋಗದ ಅನುಮಾನ ಬಂದರೆ ಅಲ್ಲಿನ ಸಸ್ಯ ಆರೋಗ್ಯ ಅಧಿಕಾರಿಗಳಿಗೆ ತಿಳಿಸಿ.

ಚಳಿಗಾಲದಲ್ಲಿ ಒಳಗೆ ತಂದಿಡಬೇಕೇ?

ಬೇಡ. ನೆಲದಲ್ಲಿರುವ ಲಾರ್ಚ್ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ಕುಂಡದಲ್ಲಿ ಬೇರಿನ ಸುತ್ತ ಮಣ್ಣು ಕಡಿಮೆ ಇರುವುದರಿಂದ ತುಸು ರಕ್ಷಣೆ ಬೇಕು, ಅಷ್ಟೆ. ಮೇಜಿನ ಮೇಲಿಂದ ಇಳಿಸಿ ನೆಲದ ಮೇಲಿಡಿ, ಕುಂಡದ ಸುತ್ತ ಒಣ ಎಲೆ ಅಥವಾ ತೊಗಟೆ ಚೂರು ಪೇರಿಸಿ, ಒಣಗಾಳಿಗೆ ಮರೆ ಮಾಡಿ. ಬಿಸಿ ಮಾಡಿದ ಗಾಜಿನ ಮನೆಗೆ ಒಯ್ದರೆ ಅಕಾಲದಲ್ಲಿ ಮೊಗ್ಗು ಒಡೆದು, ಆಮೇಲೆ ಬೀಳುವ ಹಿಮಕ್ಕೆ ಎಳೆ ಸೂಜಿಗಳು ಸುಟ್ಟುಹೋಗುತ್ತವೆ.

ಸಸಿ ಬೋನ್ಸಾಯ್ ಎನಿಸಿಕೊಳ್ಳಲು ಎಷ್ಟು ವರ್ಷ ಬೇಕು?

ಗುಂಪು ನೆಟ್ಟರೆ ಮೂರು ನಾಲ್ಕು ವರ್ಷಕ್ಕೇ ಕಾಡಿನ ಚಹರೆ ಬರುತ್ತದೆ. ಒಂಟಿ ಮರಕ್ಕೆ ದಪ್ಪ ಬುಡ ಬೇಕಾದರೆ ಹತ್ತು ವರ್ಷವಾದರೂ ಬೇಕು, ಅದರಲ್ಲಿ ಮೊದಲ ಐದಾರು ವರ್ಷ ಅದು ನೆಲದಲ್ಲೋ ಅಗಲವಾದ ದೊಡ್ಡ ಕುಂಡದಲ್ಲೋ ಇರಲಿ. ಬೋನ್ಸಾಯ್ ಕುಂಡಕ್ಕೆ ಬೇಗ ಇಳಿಸಿದರೆ ಕಾಂಡದ ಬೆಳವಣಿಗೆ ಅಲ್ಲಿಗೇ ನಿಧಾನವಾಗುತ್ತದೆ. ನೆಲಕ್ಕೆ ಹಾಕುವಾಗ ಬೇರಿನ ಕೆಳಗೆ ಒಂದು ಚಪ್ಪಟೆ ಕಲ್ಲು ಅಥವಾ ಹಂಚು ಇಟ್ಟು ನೆಡಿ. ಬೇರು ಕೆಳಕ್ಕೆ ಇಳಿಯದೆ ಸುತ್ತಲೂ ಹರಡುತ್ತದೆ, ಮುಂದೆ ಚಪ್ಪಟೆ ಕುಂಡಕ್ಕೆ ಕೂರಿಸುವಾಗ ಗರಗಸ ಹಿಡಿಯುವ ಅಗತ್ಯ ಬೀಳುವುದಿಲ್ಲ.